ಚರ್ಮದ ಹೊಳಪು: ಎಲ್ಲರೂ ಕೇಳುವ ಪ್ರಶ್ನೆಗಳು, ಸುತ್ತಿ ಬಳಸದ ಉತ್ತರಗಳು

ಮುಖಕ್ಕೆ ಏನು ಹಚ್ಚಬೇಕು ಅಂತ ಕೇಳುವವರೇ ಜಾಸ್ತಿ. ಹಚ್ಚುತ್ತಿರುವುದರಲ್ಲಿ ಯಾವುದನ್ನು ಬಿಡಬೇಕು ಅಂತ ಕೇಳುವವರು ಅಪರೂಪ. ನಾನೂ ಮೊದಲನೇ ಗುಂಪಿನವಳೇ. ಒಂದು ಕಾಲದಲ್ಲಿ ನನ್ನ ಕನ್ನಡಿ ಮುಂದೆ 11 ಬಾಟಲಿಗಳಿದ್ದವು, ಮುಖ ಮಾತ್ರ ಕೆಂಪಗೆ ಉರಿಯುತ್ತಿತ್ತು. ಈಗ ನಾಲ್ಕಿವೆ. ಗೆಳತಿಯರು, ಅವರ ಮಕ್ಕಳು, ಆಫೀಸಿನವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ. ಅವರ ಹತ್ತಿರ ಹೋಗಲೇಬೇಕಾದ ವಿಷಯ ಬಂದಾಗ ಹಾಗಂತ ಹೇಳಿದ್ದೇನೆ.

ಚರ್ಮ ಹೊಳೆಯುವುದು ಅಂದರೆ ಬೆಳ್ಳಗಾಗುವುದಾ?

ಖಂಡಿತ ಅಲ್ಲ. ಹೊಳೆಯ ದಂಡೆಯಲ್ಲಿರುವ ಕಲ್ಲನ್ನು ನೋಡಿ. ನೀರಲ್ಲಿದ್ದಾಗ ಮಿರಮಿರ ಮಿಂಚುತ್ತದೆ. ಒಣಗಿದ ಮೇಲೆ ಅದೇ ಕಲ್ಲು ಬೂದಿ ಬಳಿದ ಹಾಗೆ ಕಾಣುತ್ತದೆ. ಕಲ್ಲಿನ ಬಣ್ಣ ಎಲ್ಲೂ ಹೋಗಿರುವುದಿಲ್ಲ.

ಚರ್ಮದಲ್ಲೂ ಹೀಗೇ. ತೀರ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಒಂದರ ಮೇಲೊಂದು ಹಲವು ಸಾಲು ಕೂತಿದ್ದರೂ ಮುಖದ ಮೇಲೆ ಅದರ ದಪ್ಪ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಅಷ್ಟೇ. ಜೀವಕೋಶಗಳನ್ನು ಇಟ್ಟಿಗೆ ಅಂದುಕೊಳ್ಳಿ. ಅವುಗಳ ಮಧ್ಯೆ ಸೆರಾಮೈಡ್, ಕೊಲೆಸ್ಟ್ರಾಲ್, ಕೊಬ್ಬಿನ ಆಮ್ಲಗಳು ಸೇರಿದ ಜಿಡ್ಡಿನ ಗಾರೆ ಇರುತ್ತದೆ. ಗಾರೆ ಗಟ್ಟಿಯಿದ್ದರೆ ನೀರು ಒಳಗೇ ನಿಲ್ಲುತ್ತದೆ, ಇಟ್ಟಿಗೆಗಳು ಚಪ್ಪಟೆಯಾಗಿ ಕೂರುತ್ತವೆ, ಬಿದ್ದ ಬೆಳಕು ಒಂದೇ ಸಮನೆ ವಾಪಸ್ ಬರುತ್ತದೆ. ಗಾರೆ ಉದುರಿದರೆ ನೀರು ಆರಿ ಹೋಗುತ್ತದೆ, ಅಂಚುಗಳು ಏಳುತ್ತವೆ, ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ಮುಖ ಕಳೆಗುಂದಿದೆ ಅಂತ ನಾವು ಹೇಳುವುದು ಇದನ್ನೇ. ಕಪ್ಪು ಚರ್ಮ ಒಣಗಿದಾಗ ಬೂದು ಬೇಗ ಎದ್ದು ಕಾಣುತ್ತದೆ. ಪಸೆ ಇದ್ದಾಗ ಮಿಂಚೂ ಅಷ್ಟೇ ಚೆನ್ನಾಗಿ ಕಾಣುತ್ತದೆ.

ಈ ಗಾರೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ಉತ್ತರಗಳು ಇದರ ಮೇಲೇ ನಿಂತಿವೆ.

ದಿನಾ ಮಾಡಲೇಬೇಕಾದ್ದು ಎಷ್ಟು?

ಮೂರೇ ಕೆಲಸ. ಮೃದುವಾದ ಫೇಸ್‌ವಾಶ್‌ನಲ್ಲಿ ತೊಳೆಯುವುದು, ಮಾಯಿಶ್ಚರೈಸರ್ ಹಚ್ಚುವುದು, ಬೆಳಿಗ್ಗೆ ಸನ್‌ಸ್ಕ್ರೀನ್ ಹಾಕುವುದು. ಸೀರಮ್, ಟೋನರ್, ಮಾಸ್ಕ್ ಎಲ್ಲ ಆಮೇಲೆ. ಸನ್‌ಸ್ಕ್ರೀನ್ ಹಚ್ಚದೆ ದುಬಾರಿ ಸೀರಮ್ ತರುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದ ಹಾಗೆ.

ದಿನಕ್ಕೆ ಎಷ್ಟು ಸಲ ಮುಖ ತೊಳೆಯಬೇಕು? ಸೋಪು ಆಗುತ್ತದಾ?

ರಾತ್ರಿ ಒಂದು ಸಲ ತಪ್ಪಿಸಬೇಡಿ. ದಿನದ ಧೂಳು, ಬೆವರು, ಸನ್‌ಸ್ಕ್ರೀನ್ ಎಲ್ಲ ಮುಖದ ಮೇಲೇ ಕೂತಿರುತ್ತವೆ. ಬೆಳಿಗ್ಗೆ ಒಣ ಚರ್ಮದವರಿಗೆ ಬರೀ ನೀರು ಸಾಕು. ಎಣ್ಣೆ ಚರ್ಮದವರು ಫೇಸ್‌ವಾಶ್ ಬಳಸಬಹುದು. ವ್ಯಾಯಾಮ ಮಾಡಿ ಬೆವರಿದ್ದರೆ ಇನ್ನೊಂದು ಸಲ. ಅದಕ್ಕಿಂತ ಹೆಚ್ಚು ಬೇಡ.

ಸೋಪಿನ ವಿಷಯಕ್ಕೆ ಬರೋಣ. ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು, ಅದರ ಪಿಎಚ್ (ಹುಳಿ, ಕ್ಷಾರ ಅಳೆಯುವ ಸಂಖ್ಯೆ, 7ಕ್ಕಿಂತ ಕಡಿಮೆ ಇದ್ದರೆ ಹುಳಿ) ಸುಮಾರು 4.5ರಿಂದ 5.5. ಸಾಮಾನ್ಯ ಸೋಪಿನದು 9ರಿಂದ 10. ಸೋಪು ಕೊಳೆಯ ಜೊತೆಗೆ ಗಾರೆಯನ್ನೂ ಕೊಚ್ಚಿಕೊಂಡು ಹೋಗುತ್ತದೆ. ತೊಳೆದ ಮೇಲೆ ಕೆನ್ನೆ ಬಿಗಿದ ಹಾಗೆ ಆಗಿ, ಬೆರಳು ಉಜ್ಜಿದರೆ ಕಿರ್ ಅನ್ನುತ್ತದಲ್ಲ, ಅದನ್ನು ಸ್ವಚ್ಛತೆ ಅಂದುಕೊಂಡಿದ್ದೇವೆ. ಚರ್ಮ ನೀರು ಕಳೆದುಕೊಳ್ಳುತ್ತಿರುವ ಲಕ್ಷಣ ಅದು. ತೊಳೆದ ಮೇಲೂ ಮುಖ ಮೆತ್ತಗೇ ಇದ್ದರೆ ನಿಮ್ಮ ಫೇಸ್‌ವಾಶ್ ಸರಿಯಾದದ್ದು. ಬಾರ್ ಸೋಪೇ ಬೇಕು ಅನ್ನುವವರಿಗೆ ಸಿಂಡೆಟ್ ಬಾರ್ ಅಂತ ಸಿಗುತ್ತದೆ. ನೋಡುವುದಕ್ಕೆ ಸೋಪಿನ ಹಾಗೇ ಇರುತ್ತದೆ, ಆದರೆ ಅಷ್ಟು ಒರಟಲ್ಲ.

ನೀರು ಉಗುರುಬೆಚ್ಚಗಿದ್ದರೆ ಸಾಕು. ಟವೆಲ್ಲಿನಿಂದ ತಿಕ್ಕಬೇಡಿ, ಒತ್ತಿ ಒರೆಸಿಕೊಳ್ಳಿ.

ಬಿಸಿನೀರು ಬಿಟ್ಟರೆ ರಂಧ್ರ ತೆರೆದುಕೊಳ್ಳುತ್ತದೆ, ತಣ್ಣೀರು ಬಿಟ್ಟರೆ ಮುಚ್ಚಿಕೊಳ್ಳುತ್ತದೆ ಅಂತಾರಲ್ಲ?

ಚರ್ಮದ ರಂಧ್ರಗಳಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ತೆರೆದು ಮುಚ್ಚುವ ಸ್ನಾಯು ಅಲ್ಲಿಲ್ಲ. ಬಿಸಿ ತಾಗಿದರೆ ಒಳಗಿನ ಜಿಡ್ಡು ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ.

ನನ್ನ ಮುಖ ಮೊದಲೇ ಎಣ್ಣೆ ಎಣ್ಣೆ. ನನಗೂ ಮಾಯಿಶ್ಚರೈಸರ್ ಬೇಕಾ?

ಬೇಕು. ಎಣ್ಣೆ ಬೇರೆ, ನೀರು ಬೇರೆ. ಮೇಲೆ ಜಿಡ್ಡು ಮಿನುಗುತ್ತಿದ್ದರೂ ಒಳಗೆ ನೀರು ಕಡಿಮೆ ಇರಬಹುದು. ಮೊಡವೆಯ ಔಷಧಿ ಹಚ್ಚುವವರಿಗಂತೂ ತಪ್ಪದು, ಏಕೆಂದರೆ ಆ ಔಷಧಿಗಳು ಚರ್ಮವನ್ನು ಒಣಗಿಸುತ್ತವೆ. ಜೆಲ್ ಅಥವಾ ತೆಳು ಲೋಷನ್ ಆರಿಸಿಕೊಳ್ಳಿ. ಡಬ್ಬಿ ಮೇಲೆ 'ನಾನ್‌ ಕಾಮೆಡೋಜೆನಿಕ್' ಅಂತ ಇದ್ದರೆ ರಂಧ್ರ ಕಟ್ಟದ ಹಾಗೆ ಮಾಡಿದ್ದು ಅಂತ ಅರ್ಥ. ಅದೇನೂ ಗ್ಯಾರಂಟಿ ಅಲ್ಲ, ಶುರು ಮಾಡುವುದಕ್ಕೆ ಒಂದು ಆಧಾರ.

ಯಾವ ಮಾಯಿಶ್ಚರೈಸರ್ ಒಳ್ಳೆಯದು? ಯಾವಾಗ ಹಚ್ಚಬೇಕು?

ಎಷ್ಟೇ ಬಣ್ಣದ ಡಬ್ಬಿ ಇರಲಿ, ಒಳಗೆ ನಡೆಯುವುದು ಮೂರು ಕೆಲಸ. ಗ್ಲಿಸರಿನ್, ಹೈಯಲುರೋನಿಕ್ ಆಮ್ಲದಂಥವು ನೀರನ್ನು ಹಿಡಿದಿಡುತ್ತವೆ. ಸೆರಾಮೈಡ್‌ನಂಥ ಜಿಡ್ಡುಗಳು ಸಂದಿ ತುಂಬುತ್ತವೆ. ಪೆಟ್ರೋಲಿಯಂ ಜೆಲ್ಲಿಯಂಥವು ಮೇಲೆ ಮುಚ್ಚಳ ಹಾಕಿದ ಹಾಗೆ ಕೂತು ನೀರು ಆರದಂತೆ ತಡೆಯುತ್ತವೆ. ಒಳ್ಳೆಯ ಕ್ರೀಮಿನಲ್ಲಿ ಮೂರೂ ಒಂದಷ್ಟು ಇರುತ್ತವೆ. ಗ್ಲಿಸರಿನ್ ಹಳೆಯದು, ಅಗ್ಗ, ಅದಕ್ಕೇ ಯಾರೂ ಅದರ ಜಾಹೀರಾತು ಮಾಡುವುದಿಲ್ಲ. ಕೆಲಸದಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ.

ಪೆಟ್ರೋಲಿಯಂ ಜೆಲ್ಲಿಯದು ಸ್ವಾರಸ್ಯದ ಕಥೆ. ಅಮೆರಿಕದ ಪೆನ್ಸಿಲ್ವೇನಿಯಾದ ಎಣ್ಣೆ ಬಾವಿಗಳಲ್ಲಿ ಪಂಪಿನ ರಾಡಿಗೆ ಮೇಣದಂಥ ಜಿಡ್ಡು ಮೆತ್ತಿಕೊಂಡು ಕಾಟ ಕೊಡುತ್ತಿತ್ತು. ಕೆಲಸಗಾರರು ಅದನ್ನೇ ಸುಟ್ಟ ಗಾಯಕ್ಕೆ ಹಚ್ಚಿಕೊಳ್ಳುವುದನ್ನು ರಾಬರ್ಟ್ ಚೆಸ್‌ಬ್ರೋ ಎಂಬ ರಸಾಯನಶಾಸ್ತ್ರಜ್ಞ ನೋಡಿದ. ಅದನ್ನು ಶುದ್ಧ ಮಾಡಿ 1872ರಲ್ಲಿ ಪೇಟೆಂಟ್ ತೆಗೆದುಕೊಂಡ. ಒಡೆದ ಹಿಮ್ಮಡಿಗೆ, ತುಟಿಗೆ, ಒಣಗಿದ ಮೊಣಕೈಗೆ ಇವತ್ತಿಗೂ ಅದನ್ನು ಮೀರಿಸುವುದು ಕಷ್ಟ. ಮೊಡವೆ ಇರುವ ಮುಖಕ್ಕೆ ಮಾತ್ರ ಅದು ಜಾಸ್ತಿ ಭಾರ.

ಸಮಯ ಅಂದರೆ, ಸ್ನಾನ ಮಾಡಿ ಒರೆಸಿಕೊಂಡ ಕೂಡಲೇ, ಚರ್ಮ ಇನ್ನೂ ಸ್ವಲ್ಪ ಹಸಿ ಇರುವಾಗಲೇ. ಬಟ್ಟೆ ಹಾಕಿ, ತಲೆ ಬಾಚಿ, ಫೋನ್ ನೋಡಿ ಆಮೇಲೆ ಹಚ್ಚಿದರೆ ಹಿಡಿದಿಡುವುದಕ್ಕೆ ನೀರೇ ಉಳಿದಿರುವುದಿಲ್ಲ. ಸ್ನಾನವೂ ಹತ್ತು ನಿಮಿಷದೊಳಗೆ ಮುಗಿಯಲಿ. ಕುದಿಯುವಂಥ ನೀರು ಹಿತ ಅನ್ನಿಸುತ್ತದೆ ನಿಜ, ಆದರೆ ಒಣ ಚರ್ಮಕ್ಕೆ ಅದು ಶತ್ರು.

ಸನ್‌ಸ್ಕ್ರೀನ್ ಅಷ್ಟೊಂದು ಮುಖ್ಯವಾ?

ಒಂದೇ ಒಂದು ಡಬ್ಬಿ ಇಟ್ಟುಕೊಳ್ಳಿ ಅಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ. ಸುಕ್ಕು, ಕಪ್ಪು ಕಲೆ, ಚರ್ಮ ದಪ್ಪಗಾಗಿ ಒರಟಾಗುವುದು, ಇವನ್ನೆಲ್ಲ ವಯಸ್ಸಿನ ತಲೆಗೆ ಕಟ್ಟುತ್ತೇವೆ. ಅದರಲ್ಲಿ ಹೆಚ್ಚಿನ ಪಾಲು ಬಿಸಿಲಿನದು. ನಂಬಿಕೆ ಬರದಿದ್ದರೆ ನಿಮ್ಮ ಮುಂಗೈಯ ಹೊರಭಾಗವನ್ನೂ ತೋಳಿನ ಒಳಭಾಗವನ್ನೂ ಪಕ್ಕಪಕ್ಕ ನೋಡಿ. ಎರಡಕ್ಕೂ ಒಂದೇ ವಯಸ್ಸು, ಅಲ್ವಾ?

ಇದಕ್ಕಿಂತ ದೊಡ್ಡ ಸಾಕ್ಷಿ ಒಂದಿದೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಒಬ್ಬ 69 ವರ್ಷದ ಟ್ರಕ್ ಚಾಲಕರ ಫೋಟೊ ಪ್ರಕಟಿಸಿತು. ಅವರು 28 ವರ್ಷ ಗಾಡಿ ಓಡಿಸಿದ್ದರು, ಎಡಗಡೆಗೆ ಕಿಟಕಿ. ಮುಖದ ಬಲಭಾಗ ವಯಸ್ಸಿಗೆ ತಕ್ಕಂತೆ ಇದೆ. ಎಡಭಾಗ ಜೋತುಬಿದ್ದು, ಆಳವಾಗಿ ಸುಕ್ಕುಗಟ್ಟಿ, ಬೇರೆ ಯಾರದೋ ಮುಖ ಅನ್ನಿಸುತ್ತದೆ. ಬಿಸಿಲಿನ ಕಣ್ಣಿಗೆ ಕಾಣದ ಅತಿನೇರಳೆ (ಯುವಿ) ಕಿರಣಗಳಲ್ಲಿ ನಮ್ಮನ್ನು ತಲುಪುವುದು ಎರಡು ಬಗೆ, ಯುವಿಎ ಮತ್ತು ಯುವಿಬಿ. ಗಾಜು ಯುವಿಬಿ ಕಿರಣಗಳನ್ನು ತಡೆಯುತ್ತದೆ, ಯುವಿಎ ಮಾತ್ರ ಬಹುಪಾಲು ಒಳಗೆ ಬರುತ್ತದೆ. ಸುಡುವುದು ಮುಖ್ಯವಾಗಿ ಯುವಿಬಿ. ಒಳಗೆ ಇಳಿದು ಚರ್ಮವನ್ನು ಬಿಗಿಯಾಗಿಟ್ಟ ಕೊಲಾಜೆನ್ ಎಂಬ ಪ್ರೋಟೀನನ್ನು ಕಡಿಯುವುದು ಯುವಿಎ. ಹಾಗಾಗಿ ಸುಟ್ಟ ಅನುಭವ ಆಗಲಿಲ್ಲ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತಲ್ಲ.

ಎಸ್‌ಪಿಎಫ್ 30 ಸಾಕಾ, 50 ಬೇಕಾ? ಎಷ್ಟು ಹಚ್ಚಬೇಕು?

ಎಸ್‌ಪಿಎಫ್ ಅಂದರೆ ಸುಡುವ ಬಿಸಿಲನ್ನು ಸನ್‌ಸ್ಕ್ರೀನ್ ಎಷ್ಟು ತಡೆಯುತ್ತದೆ ಅನ್ನುವ ಅಳತೆ. ಸರಿಯಾಗಿ ಹಚ್ಚಿದರೆ 30 ಇರುವುದು ಯುವಿಬಿಯಲ್ಲಿ ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ, 50 ಇರುವುದು 98 ಭಾಗ. ವ್ಯತ್ಯಾಸ ಸಂಖ್ಯೆಯಲ್ಲಿ ಕಂಡಷ್ಟು ದೊಡ್ಡದಲ್ಲ. ತೊಂದರೆ ಇರುವುದು 'ಸರಿಯಾಗಿ' ಅನ್ನುವ ಪದದಲ್ಲಿ. ಲ್ಯಾಬಿನಲ್ಲಿ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷೆ ಮಾಡುತ್ತಾರೆ. ನಾವು ಹಚ್ಚುವುದು ಅದರ ಅರ್ಧವೋ ಕಾಲೋ. ಅದಕ್ಕೇ ನಾನು 50 ತೆಗೆದುಕೊಳ್ಳುವುದು, ನನ್ನ ಜಿಪುಣತನಕ್ಕೆ ಒಂದು ರಕ್ಷಣೆ ಇರಲಿ ಅಂತ.

ಅಳತೆ ಸುಲಭ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಾಕಿ. ಮುಖಕ್ಕೂ ಕತ್ತಿಗೂ ಅಷ್ಟು ಬೇಕು. ಕಿವಿ, ಕತ್ತಿನ ಹಿಂಭಾಗ, ಮುಂಗೈ ಮರೆಯಬೇಡಿ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆವರಿದರೆ, ಈಜಿದರೆ ಇನ್ನೂ ಬೇಗ. ಯುವಿಎ ತಡೆಯುತ್ತದೆ ಅನ್ನುವುದಕ್ಕೆ 'ಬ್ರಾಡ್ ಸ್ಪೆಕ್ಟ್ರಂ' ಅಂತಲೋ 'ಪಿಎ' ಮುಂದೆ ಮೂರು ನಾಲ್ಕು ಪ್ಲಸ್ ಗುರುತೋ ಇದೆಯಾ ನೋಡಿ.

ಯುವಿ ಸೂಚ್ಯಂಕ (ಆ ಹೊತ್ತಿನ ಯುವಿ ಎಷ್ಟು ಜೋರು ಅನ್ನುವ ಸಂಖ್ಯೆ) 3 ಅಥವಾ ಹೆಚ್ಚು ಇದ್ದರೆ ರಕ್ಷಣೆ ಬೇಕು. ಫೋನಿನ ಹವಾಮಾನ ಆ್ಯಪಿನಲ್ಲಿ ಆ ಸಂಖ್ಯೆ ಸಿಗುತ್ತದೆ. ಫೋನ್ ಇಲ್ಲದಿದ್ದರೆ ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಬಿಸಿಲು ಖಾರವಾಗಿದೆ ಅಂತ ಅರ್ಥ. ಟೋಪಿ, ಕೊಡೆ, ಉದ್ದ ತೋಳಿನ ಬಟ್ಟೆಯನ್ನು ಯಾಕೋ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವು ಬೆವರಿಗೆ ಅಳಿಸಿಹೋಗುವುದಿಲ್ಲ, ಮತ್ತೆ ಹಚ್ಚುವ ತಲೆನೋವೂ ಇಲ್ಲ. ಆರು ತಿಂಗಳೊಳಗಿನ ಕೂಸುಗಳಿಗೆ ಕ್ರೀಮಿಗಿಂತ ನೆರಳು, ಬಟ್ಟೆಯೇ ಸರಿ.

ಕಪ್ಪು ಚರ್ಮದವರಿಗೂ ಸನ್‌ಸ್ಕ್ರೀನ್ ಬೇಕಾ?

ಬೇಕು, ಆದರೆ ಕಾರಣ ಸ್ವಲ್ಪ ಬೇರೆ. ತುಂಬ ಕಪ್ಪು ಚರ್ಮದಲ್ಲಿರುವ ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ವಸ್ತು, ಸುಮಾರು 13 ಎಸ್‌ಪಿಎಫ್‌ನಷ್ಟು ರಕ್ಷಣೆ ಕೊಡುತ್ತದೆ. ತಿಳಿ ಚರ್ಮಕ್ಕೆ ಸಿಗುವುದು ಸುಮಾರು 3. ಹಾಗಾಗಿ ಸುಡುವುದು, ಚರ್ಮದ ಕ್ಯಾನ್ಸರ್ ಬರುವುದು ಕಪ್ಪು ಚರ್ಮದಲ್ಲಿ ತೀರ ಕಡಿಮೆ. ಕಲೆ ಉಳಿಯುವುದು ಮಾತ್ರ ಜಾಸ್ತಿ. ಮೊಡವೆ ಹೋದರೂ ಅದರ ಕಪ್ಪು ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ, ಬಿಸಿಲು ಬಿದ್ದಷ್ಟೂ ಗಾಢವಾಗುತ್ತದೆ. ಬಂಗು ಇರುವವರಿಗೆ ಇನ್ನೊಂದು ಮಾತು: ಕಣ್ಣಿಗೆ ಕಾಣುವ ಬೆಳಕೂ ಅದನ್ನು ಹೆಚ್ಚಿಸುತ್ತದೆ. ಬಿಳಿ ಸನ್‌ಸ್ಕ್ರೀನ್ ಆ ಬೆಳಕನ್ನು ಅಷ್ಟಾಗಿ ತಡೆಯದು. ಐರನ್ ಆಕ್ಸೈಡ್ ಸೇರಿಸಿ ಚರ್ಮದ ಬಣ್ಣಕ್ಕೆ ತಂದ ಸನ್‌ಸ್ಕ್ರೀನ್ ತಡೆಯುತ್ತದೆ. ಹಚ್ಚಿದರೆ ಮುಖ ಸುಣ್ಣ ಬಳಿದ ಹಾಗೆ ಆಗುತ್ತದೆ ಅನ್ನುವ ದೂರಿಗೂ ಅದೇ ಮದ್ದು.

ಸ್ಕ್ರಬ್ ಮಾಡಿದರೆ ಹೊಳಪು ಬರುತ್ತದಲ್ಲ?

ಬರುತ್ತದೆ, ಒಂದು ದಿನದ ಮಟ್ಟಿಗೆ. ಆ ಒಂದು ದಿನದ ಹೊಳಪೇ ನನ್ನನ್ನು ಕೆಡಿಸಿದ್ದು. ಮೊದಲ ಸಲ ಮುಖ ಗಾಜಿನಂತೆ ಆಯಿತು. ಖುಷಿಯಲ್ಲಿ ವಾರಕ್ಕೊಮ್ಮೆ ಇದ್ದದ್ದು ದಿನಾ ಆಯಿತು. ಸಾಲದು ಅಂತ ಸತ್ತ ಪದರ ಸಡಿಲಿಸುವ ಗ್ಲೈಕೋಲಿಕ್ ಆಮ್ಲದ ಟೋನರ್ ಬೇರೆ. ಎರಡು ತಿಂಗಳಲ್ಲಿ ಬರೀ ನೀರು ಬಿದ್ದರೂ ಮುಖ ಉರಿಯುವ ಹಂತ ತಲುಪಿದೆ. ಕೆನ್ನೆಯ ಮೇಲೆ ಸಣ್ಣ ಸಣ್ಣ ಗುಳ್ಳೆ. ಅವನ್ನು ಮೊಡವೆ ಅಂದುಕೊಂಡು ಮೊಡವೆ ಕ್ರೀಮ್ ಹಚ್ಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಡಾಕ್ಟರ್ ನೋಡಿ ಹೇಳಿದ್ದು ಒಂದೇ: ಒಂದು ತಿಂಗಳು ಏನೂ ಹಚ್ಚಬೇಡ, ಮೃದುವಾದ ಫೇಸ್‌ವಾಶ್, ಸಾದಾ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಅಷ್ಟೇ. ಮೂರನೇ ವಾರಕ್ಕೆ ಉರಿ ನಿಂತಿತು.

ಸತ್ತ ಜೀವಕೋಶಗಳು ತಮ್ಮಷ್ಟಕ್ಕೇ ಉದುರುತ್ತವೆ. ಹರೆಯದಲ್ಲಿ ಹೊಸ ಜೀವಕೋಶ ಹುಟ್ಟಿ ಮೇಲೆ ಬಂದು ಉದುರುವುದಕ್ಕೆ ಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇದು ನಿಧಾನವಾಗುತ್ತದೆ. ಆಗ ಸ್ವಲ್ಪ ಕೈಜೋಡಿಸಬಹುದು. ಹರಳು ಹರಳಾದ ಸ್ಕ್ರಬ್‌ಗಿಂತ ಹದವಾದ ಆಮ್ಲ ವಾಸಿ. ಒಣ ಚರ್ಮಕ್ಕೆ ಲ್ಯಾಕ್ಟಿಕ್ ಆಮ್ಲ, ಎಣ್ಣೆ ಚರ್ಮಕ್ಕೆ ಸ್ಯಾಲಿಸಿಲಿಕ್ ಆಮ್ಲ. ವಾರಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು. ದಿನಾ ಹಚ್ಚುವ ಮಾಯಿಶ್ಚರೈಸರ್ ಇದ್ದಕ್ಕಿದ್ದಂತೆ ಉರಿಯತೊಡಗಿದರೆ ಆಮ್ಲ ಬಿಡಿ. ಗಾರೆ ಹೋಗಿದೆ ಅಂತ ಚರ್ಮವೇ ಹೇಳುತ್ತಿದೆ.

ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್ ಹಚ್ಚಬಹುದಾ?

ಮೂರೂ ಬೇಡ. ನಿಂಬೆರಸದ ಪಿಎಚ್ 2ರ ಆಸುಪಾಸು, ಮುಖಕ್ಕೆ ಅದು ತೀರ ಕಟು. ಜೊತೆಗೆ ನಿಂಬೆ ಜಾತಿಯ ಹಣ್ಣುಗಳ ರಸ ಮೈಮೇಲಿದ್ದಾಗ ಬಿಸಿಲು ತಾಗಿದರೆ ಬೊಬ್ಬೆ ಬರಬಹುದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಪಟ್ಟೆ. ಸೋಡಾ ಅದಕ್ಕೆ ತದ್ವಿರುದ್ಧ, ಕ್ಷಾರ. ಟೂತ್‌ಪೇಸ್ಟ್ ಹಲ್ಲಿಗೆ. ನೈಸರ್ಗಿಕ ಅಂದ ಮಾತ್ರಕ್ಕೆ ಸೌಮ್ಯ ಅಂತ ಯಾರು ಹೇಳಿದರೋ. ತುರಿಕೆ ಸೊಪ್ಪೂ ನೈಸರ್ಗಿಕವೇ.

ಸೀರಮ್‌ಗಳಲ್ಲಿ ಕೆಲಸ ಮಾಡುವುದು ಯಾವುದು?

ನೂರಾರು ಹೆಸರುಗಳಲ್ಲಿ ಗಟ್ಟಿ ಆಧಾರ ಇರುವುದು ಕೆಲವಕ್ಕೆ ಮಾತ್ರ. ನನ್ನ ಪಟ್ಟಿಯಲ್ಲಿ ಮೊದಲು ರೆಟಿನಾಯ್ಡ್‌ಗಳು, ಅಂದರೆ ವಿಟಮಿನ್ ಎ ಬಳಗ. ಟ್ರೆಟಿನಾಯಿನ್ 1971ರಲ್ಲಿ ಅಮೆರಿಕದಲ್ಲಿ ಮೊಡವೆಯ ಔಷಧಿಯಾಗಿ ಬಂತು. ಹಚ್ಚಿಕೊಂಡ ದೊಡ್ಡ ವಯಸ್ಸಿನವರು ಸುಕ್ಕೂ ಕಡಿಮೆಯಾಗುತ್ತಿದೆ ಅಂದಾಗ ಅದರ ಎರಡನೇ ಗುಣ ಗೊತ್ತಾಯಿತು. ಅದಕ್ಕೆ ಡಾಕ್ಟರ ಚೀಟಿ ಬೇಕು. ಕ್ರೀಮ್‌ಗಳಲ್ಲಿ ಸಿಗುವ ರೆಟಿನಾಲ್ ಅದರ ಸೌಮ್ಯ ತಂಗಿ. ರಾತ್ರಿ ಮಾತ್ರ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ಮೊದಲು ವಾರಕ್ಕೆ ಎರಡು ದಿನ. ಶುರುವಿನಲ್ಲಿ ಸಿಪ್ಪೆ ಏಳುವುದು ಸಾಮಾನ್ಯ. ಫಲ ಕಾಣಲು ಮೂರು ತಿಂಗಳು ಬೇಕು. ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಇದನ್ನು ಮುಟ್ಟಬಾರದು. ಕಲೆ, ಮೊಡವೆಗೆ ಅವರು ಅಜೆಲಾಯಿಕ್ ಆಮ್ಲದ ಬಗ್ಗೆ ಡಾಕ್ಟರನ್ನು ಕೇಳಬಹುದು.

ಆಮೇಲೆ ವಿಟಮಿನ್ ಸಿ, ಬೆಳಿಗ್ಗೆ ಸನ್‌ಸ್ಕ್ರೀನಿಗೆ ಮುಂಚೆ. ನೂರಕ್ಕೆ 10ರಿಂದ 20 ಭಾಗ ಇದ್ದರೆ ಸಾಕು. ಇದರ ಚಂಚಲ ಬುದ್ಧಿ ಮಾತ್ರ ಗೊತ್ತಿರಲಿ. ಗಾಳಿ ಬೆಳಕು ತಾಗಿದರೆ ಕೆಡುತ್ತದೆ. ಬಾಟಲಿಯಲ್ಲಿರುವುದು ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆದುಬಿಡಿ. ನಯಾಸಿನಮೈಡ್, ಅಂದರೆ ವಿಟಮಿನ್ ಬಿ3ಯ ಒಂದು ರೂಪ, ಎಲ್ಲರ ಜೊತೆ ಹೊಂದಿಕೊಳ್ಳುವ ಸ್ವಭಾವದ್ದು. ಸೆರಾಮೈಡ್ ತಯಾರಿಕೆಗೆ ನೆರವಾಗುತ್ತದೆ, ಅಂದರೆ ನಮ್ಮ ಗಾರೆಗೆ. ಸೀರಮ್ ಒಂದನ್ನು ಮಾತ್ರ ಕೊಳ್ಳುತ್ತೇನೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಒಂದೇ ವಾರ ಮೂರು ಹೊಸದು ಶುರು ಮಾಡಬೇಡಿ. ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಹೊಸ ಡಬ್ಬಿ ಬಂದರೆ ಮೊದಲು ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ.

ಯಾವುದರ ಮೇಲೆ ಯಾವುದು?

ತೆಳು ಮೊದಲು, ದಪ್ಪ ಆಮೇಲೆ. ಸನ್‌ಸ್ಕ್ರೀನ್ ಕೊನೆಗೆ. ಮೇಕಪ್ ಇದ್ದರೆ ಅದರ ಮೇಲೆ.

ಡಬ್ಬಿ ಮೇಲೆ 'ಡರ್ಮಟಾಲಜಿಸ್ಟ್ ಟೆಸ್ಟೆಡ್', 'ಹೈಪೋ ಅಲರ್ಜೆನಿಕ್' ಅಂತ ಬರೆದಿದ್ದರೆ ನಂಬಬಹುದಾ?

ಈ ಮಾತುಗಳಿಗೆ ಎಲ್ಲರೂ ಒಪ್ಪಿದ ಒಂದು ಅಳತೆ ಇಲ್ಲ. ಅದರ ಬದಲು ಸುವಾಸನೆ ಸೇರಿಸಿದ್ದಾರಾ ನೋಡಿ. ಅಲರ್ಜಿಗೆ ಸಾಮಾನ್ಯ ಕಾರಣಗಳಲ್ಲಿ ಅದೂ ಒಂದು. ಇಲ್ಲೊಂದು ಮೋಸವಿದೆ. 'ಫ್ರೇಗ್ರೆನ್ಸ್ ಫ್ರೀ' ಅಂದರೆ ಸುವಾಸನೆ ಹಾಕಿಲ್ಲ ಅಂತ. 'ಅನ್‌ಸೆಂಟೆಡ್' ಅಂದರೆ ವಾಸನೆ ಬರುವುದಿಲ್ಲ ಅಂತ ಮಾತ್ರ. ಒಂದು ವಾಸನೆ ಮುಚ್ಚಲು ಇನ್ನೊಂದನ್ನು ಹಾಕಿರಬಹುದು. ಡಬ್ಬಿಯ ಹಿಂದೆ ಮುಚ್ಚಳ ತೆರೆದ ಸಣ್ಣ ಚಿತ್ರದೊಳಗೆ ಸಂಖ್ಯೆ ಇರುತ್ತದೆ. 12 ಅಂತ ಇದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳು ಅಂತ ಅರ್ಥ. ತೆರೆದ ದಿನ ಪೆನ್ನಿನಿಂದ ತಾರೀಕು ಬರೆದಿಡಿ.

ಮೊಡವೆ ಹಿಸುಕಿದರೆ ಬೇಗ ಹೋಗುತ್ತದಾ?

ಹಿಸುಕಿದಾಗ ಅರ್ಧ ಹೊರಗೆ ಬರುತ್ತದೆ, ಅರ್ಧ ಇನ್ನೂ ಒಳಗೆ ಹೋಗುತ್ತದೆ. ಎರಡು ದಿನದ ಮೊಡವೆ ಎರಡು ತಿಂಗಳ ಕಲೆಯಾಗುತ್ತದೆ. ಕೈ ಸುಮ್ಮನಿರದವರಿಗೆ ಮೊಡವೆ ಮೇಲೆ ಅಂಟಿಸುವ ಪ್ಯಾಚ್ ಬಂದಿದೆ. ಅದರ ದೊಡ್ಡ ಉಪಕಾರ ಅಂದರೆ ಕೈಯನ್ನು ದೂರ ಇಡುವುದು.

ಸಾಧಾರಣ ಮೊಡವೆಗೆ ಬೆನ್ಜಾಯಿಲ್ ಪೆರಾಕ್ಸೈಡ್ ಒಳ್ಳೆಯದು. ಶೇಕಡಾ 10ರ ಬದಲು ಶೇಕಡಾ 2.5ರದ್ದು ತೆಗೆದುಕೊಳ್ಳಿ. ಕೆಲಸ ಹೆಚ್ಚುಕಡಿಮೆ ಒಂದೇ, ಉರಿ ಕಡಿಮೆ. ಇದು ಬಟ್ಟೆಯ ಬಣ್ಣ ತೆಗೆಯುತ್ತದೆ, ಹಾಗಾಗಿ ದಿಂಬಿಗೆ ಬಿಳಿ ಕವರ್ ಹಾಕಿ. ನನ್ನ ನೀಲಿ ದಿಂಬಿನ ಕವರ್ ಈಗ ನಕ್ಷೆಯ ಹಾಗಿದೆ. ಗಂಟು ಗಂಟಾಗಿ, ನೋವಾಗಿ, ಗುಳಿ ಬೀಳುವಂಥ ಮೊಡವೆಗೆ ಅಂಗಡಿ ಕ್ರೀಮ್ ಸಾಲದು. ಡಾಕ್ಟರ್ ಹತ್ತಿರ ಹೋಗಿ. ಗುಳಿ ಬಿದ್ದ ಮೇಲೆ ತುಂಬಿಸುವುದು ಕಷ್ಟ.

ಊಟಕ್ಕೂ ಚರ್ಮಕ್ಕೂ ಸಂಬಂಧ ಇದೆಯಾ?

ಮೊಡವೆಯ ಮಟ್ಟಿಗೆ ಒಂದಷ್ಟು ಇದೆ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊಡವೆ ಇದ್ದ ಯುವಕರಿಗೆ 12 ವಾರ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಊಟ ಕೊಟ್ಟು ನೋಡಿದರು. ಮಾಮೂಲಿ ಊಟ ಮಾಡಿದವರಿಗಿಂತ ಅವರ ಮೊಡವೆ ಹೆಚ್ಚು ಇಳಿಯಿತು. ಕೆಲವರಿಗೆ ಹಾಲು, ಜಿಮ್‌ನವರು ಕುಡಿಯುವ ವ್ಹೇ ಪುಡಿ ಕೂಡ ಆಗಿಬರುವುದಿಲ್ಲ. ಹಾಗಂತ ಎಲ್ಲವನ್ನೂ ಬಿಟ್ಟು ಕೂರಬೇಡಿ. ಅನುಮಾನ ಇರುವ ಒಂದನ್ನು ಎರಡು ತಿಂಗಳು ಬಿಟ್ಟು ನೋಡಿ.

ತುಂಬ ನೀರು ಕುಡಿದರೆ ಮುಖ ಹೊಳೆಯುತ್ತದಾ?

ಬಾಯಾರಿಕೆಗೆ ತಕ್ಕಷ್ಟು ಕುಡಿಯುವವರು ಇನ್ನೆರಡು ಲೀಟರ್ ಸೇರಿಸಿದರೆ ಹೆಚ್ಚಾಗುವುದು ಬಚ್ಚಲಿನ ಓಡಾಟ. ದಿನಕ್ಕೆ ಎಂಟು ಲೋಟ ಅನ್ನುವ ಮಾತಿನ ಮೂಲ 1945ರ ಅಮೆರಿಕದ ಒಂದು ಸಲಹೆ ಅಂತ ಹೇಳುವುದುಂಟು. ಅದರಲ್ಲಿ ದಿನಕ್ಕೆ ಎರಡೂವರೆ ಲೀಟರ್ ಅಂತಿತ್ತು. ಇದರ ಹೆಚ್ಚಿನ ಪಾಲು ಊಟದಲ್ಲೇ ಸಿಗುತ್ತದೆ ಅಂತಲೂ ಅದರ ಮುಂದಿನ ಸಾಲಿನಲ್ಲೇ ಇತ್ತು. ಆ ಸಾಲನ್ನು ಎಲ್ಲರೂ ನುಂಗಿ ನೀರು ಕುಡಿದರು.

ನಿದ್ದೆ?

ಇದು ನಿಜ. 2010ರಲ್ಲಿ ಸ್ವೀಡನ್ನಿನಲ್ಲಿ 23 ಜನರ ಫೋಟೊ ಎರಡು ಸಲ ತೆಗೆದರು. ಚೆನ್ನಾಗಿ ಮಲಗಿ ಎದ್ದಾಗ ಒಂದು, ನಿದ್ದೆಗೆಟ್ಟು 31 ಗಂಟೆ ಎಚ್ಚರ ಇದ್ದಾಗ ಇನ್ನೊಂದು. ಯಾವುದು ಯಾವುದು ಅಂತ ಗೊತ್ತಿಲ್ಲದ 65 ಜನರಿಗೆ ತೋರಿಸಿದಾಗ, ನಿದ್ದೆಗೆಟ್ಟ ಮುಖಗಳನ್ನು ಅವರು ಸುಸ್ತಾದ, ಆರೋಗ್ಯ ಕಡಿಮೆ ಇರುವ, ಅಷ್ಟು ಚೆಂದವಲ್ಲದ ಮುಖಗಳು ಅಂದರು. ಕಣ್ಣಿನ ಕೆಳಗಿನ ಕಪ್ಪು ಮಾತ್ರ ಎಲ್ಲರಿಗೂ ನಿದ್ದೆಯಿಂದ ಬರುವುದಲ್ಲ. ಮನೆತನದಿಂದ ಬಂದಿರಬಹುದು, ಅಲರ್ಜಿಗೆ ಕಣ್ಣುಜ್ಜಿ ಬಂದಿರಬಹುದು, ಕೆಲವೊಮ್ಮೆ ಅದು ಬರೀ ಗುಳಿಯ ನೆರಳು.

ಕೊಲಾಜೆನ್ ಪುಡಿ ಕುಡಿಯಬೇಕಾ?

ಹೊಟ್ಟೆಗೆ ಹೋದ ಕೊಲಾಜೆನ್ ಬೇರೆ ಪ್ರೋಟೀನಿನಂತೆ ಜೀರ್ಣವಾಗಿ ಚೂರಾಗುತ್ತದೆ. ನೇರ ಕೆನ್ನೆಗೆ ಹೋಗಿ ಕೂರುವುದಿಲ್ಲ. ಪರವಾಗಿ ಬಂದ ಎಷ್ಟೋ ಅಧ್ಯಯನಗಳಿಗೆ ಪುಡಿ ಮಾರುವವರದೇ ಹಣ. ಇರುವ ಕೊಲಾಜೆನ್ ಉಳಿಸಿಕೊಳ್ಳುವುದೇ ಲೇಸು. ಬಿಸಿಲಿಗೆ ಟೋಪಿ ಹಾಕಿ, ಸಿಗರೇಟ್ ಬಿಡಿ. ಹೊಗೆ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕೊಲಾಜೆನ್ನನ್ನೂ ಕಡಿಯುತ್ತದೆ.

ಶೇವ್ ಮಾಡಿದ ಮೇಲೆ ಗುಳ್ಳೆ ಏಳುತ್ತವೆ. ಏನು ಮಾಡಲಿ?

ಸ್ನಾನ ಆದ ಮೇಲೆ, ಕೂದಲು ಮೆತ್ತಗಿರುವಾಗ ಶೇವ್ ಮಾಡಿ. ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯಿರಿ. ಮೊಂಡು ಬ್ಲೇಡ್ ಬಿಸಾಡಿ. ಗುಂಗುರು ಕೂದಲಿನವರಿಗೆ ತುದಿ ವಾಪಸ್ ಚರ್ಮದೊಳಗೆ ಚುಚ್ಚಿಕೊಳ್ಳುತ್ತದೆ. ಅಂಥವರು ತೀರ ನುಣ್ಣಗೆ ಕೆರೆಯದೆ ಟ್ರಿಮ್ಮರ್ ಬಳಸುವುದು ವಾಸಿ.

ವಾರದಲ್ಲಿ ಬಿಳುಪು ತರುವ ಕ್ರೀಮ್ ಅಂತ ಕೊಟ್ಟಿದ್ದಾರೆ. ಹಚ್ಚಲಾ?

ಬೇಡ. ಇಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಅಷ್ಟು ಬೇಗ ಬಿಳುಪು ತರುವ, ಒಳಗೇನಿದೆ ಅಂತ ಬರೆಯದ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರಬಹುದು, ಪಾದರಸವೂ ಇರಬಹುದು. ಸ್ಟೀರಾಯ್ಡ್ ಮೊದಲು ಮುಖವನ್ನು ನುಣುಪು ಮಾಡುತ್ತದೆ. ತಿಂಗಳು ಕಳೆದಂತೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖ ಬೆಂಕಿಯಾಗುತ್ತದೆ. ಹೆದರಿ ಮತ್ತೆ ಹಚ್ಚುತ್ತಾರೆ. ಈ ಸುಳಿಯಲ್ಲಿ ಸಿಕ್ಕಿಕೊಂಡಿದ್ದರೆ ಒಬ್ಬರೇ ಒದ್ದಾಡಬೇಡಿ, ಹಚ್ಚುತ್ತಿರುವ ಟ್ಯೂಬನ್ನೂ ಎತ್ತಿಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ.

ಪಾದರಸ ಮೂತ್ರಪಿಂಡವನ್ನೇ ಹಾಳು ಮಾಡಬಲ್ಲದು. ಪಾದರಸದ ಬಳಕೆ ತಗ್ಗಿಸಲು ಮಾಡಿಕೊಂಡ 2013ರ ಮಿನಮಾಟಾ ಒಪ್ಪಂದದಲ್ಲಿ ಹತ್ತು ಲಕ್ಷದಲ್ಲಿ 1 ಪಾಲಿಗಿಂತ ಹೆಚ್ಚು ಪಾದರಸ ಇರುವ ಸೌಂದರ್ಯ ಸಾಧನಗಳ ತಯಾರಿಕೆ, ಆಮದು, ರಫ್ತನ್ನು 2020ಕ್ಕೆ ನಿಲ್ಲಿಸಬೇಕು ಅಂತ ದೇಶಗಳು ಒಪ್ಪಿಕೊಂಡವು. ಆದರೂ ಕಳ್ಳದಾರಿಯಲ್ಲಿ ಬರುತ್ತಲೇ ಇವೆ. ಲೇಬಲ್ಲಿನಲ್ಲಿ 'ಕ್ಯಾಲೊಮೆಲ್' ಅಂತ ಕಂಡರೆ ಅದು ಪಾದರಸವೇ.

ಇಷ್ಟೆಲ್ಲ ಮಾಡಿದರೆ ಎಷ್ಟು ದಿನಕ್ಕೆ ಗೊತ್ತಾಗುತ್ತದೆ?

ಮಾಯಿಶ್ಚರೈಸರ್ ಅದೇ ದಿನ ಗೊತ್ತಾಗುತ್ತದೆ. ಮೊಡವೆಗೆ 8ರಿಂದ 12 ವಾರ. ಕಲೆಗೆ ಮೂರರಿಂದ ಆರು ತಿಂಗಳು, ಕೆಲವಕ್ಕೆ ಇನ್ನೂ ಜಾಸ್ತಿ. ಸನ್‌ಸ್ಕ್ರೀನಿನ ಫಲ ಹತ್ತು ವರ್ಷಕ್ಕೆ ಕಾಣುತ್ತದೆ, ಅದೂ ಬಾರದೇ ಇರುವ ಸುಕ್ಕಿನ ರೂಪದಲ್ಲಿ. ದಿನಾ ಕನ್ನಡಿ ನೋಡಿದರೆ ಏನೂ ತಿಳಿಯದು. ತಿಂಗಳಿಗೊಮ್ಮೆ ಅದೇ ಕಿಟಕಿಯ ಹತ್ತಿರ, ಅದೇ ಹೊತ್ತಿನಲ್ಲಿ, ಫಿಲ್ಟರ್ ಇಲ್ಲದೆ ಒಂದು ಫೋಟೊ ತೆಗೆದಿಡಿ.

ಯಾವಾಗ ಡಾಕ್ಟರಿಗೆ ತೋರಿಸಬೇಕು?

ವಾರಗಟ್ಟಲೆ ನಿಲ್ಲದ ತುರಿಕೆ, ಹರಡುವ ಕೆಂಪು, ವಾಸಿಯಾಗದ ಹುಣ್ಣು, ಗುಳಿ ಬೀಳುವ ಮೊಡವೆ. ಇವಕ್ಕೆ ಕಾಯಬೇಡಿ. ಮಚ್ಚೆಗಳ ಮೇಲೂ ಒಂದು ಕಣ್ಣಿರಲಿ. ಎರಡು ಅರ್ಧ ಒಂದೇ ಥರ ಇಲ್ಲದ, ಅಂಚು ಒಡೆದ ಹಾಗಿರುವ, ಹಲವು ಬಣ್ಣ ಬೆರೆತ, 6 ಮಿಲಿಮೀಟರಿಗಿಂತ ದೊಡ್ಡದಾದ ಮಚ್ಚೆಯನ್ನು ತೋರಿಸಿ. ಎಲ್ಲಕ್ಕಿಂತ ಹೆಚ್ಚಾಗಿ, ಬದಲಾಗುತ್ತಿರುವ ಮಚ್ಚೆಯನ್ನು.

ಕಪ್ಪು ಚರ್ಮದವರು ಬಿಸಿಲು ಕಾಣದ ಜಾಗಗಳನ್ನೂ ನೋಡಿಕೊಳ್ಳಬೇಕು: ಅಂಗೈ, ಅಂಗಾಲು, ಉಗುರಿನ ಕೆಳಗೆ. ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನಡಿ ಇದ್ದ ಕಲೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಅಂತ 1977ರಲ್ಲಿ ಗೊತ್ತಾಯಿತು. 1981ರಲ್ಲಿ, 36ನೇ ವಯಸ್ಸಿಗೆ ಅವರು ತೀರಿಕೊಂಡರು. ತಿಂಗಳಿಗೊಮ್ಮೆ ಮುಖದ ಫೋಟೊ ತೆಗೆಯುತ್ತೀರಲ್ಲ, ಅದೇ ದಿನ ಅಂಗಾಲನ್ನೂ ಒಮ್ಮೆ ತಿರುಗಿಸಿ ನೋಡಿಕೊಳ್ಳಿ. ಬೆನ್ನು ನೋಡುವುದಕ್ಕೆ ಮನೆಯವರನ್ನು ಕರೆಯಿರಿ.